ತುಳಸಿದಳ ಯಾವಾಗ ಕೊಡಬೇಕು?

ಓದಿನ ಹುಚ್ಚು ಹತ್ತಿದ ಮಗು ಎಂಟನೆಯದೋ ಒಂಬತ್ತನೆಯದೋ ಕ್ಲಾಸಿಗೆ ಬಂದ ಮೇಲೆ ಒಂದು ದಿನ ಯಂಡಮೂರಿ ವೀರೇಂದ್ರನಾಥರ ಹೆಸರು ಹಿಡಿದುಕೊಂಡು ಮನೆಗೆ ಬರುತ್ತದೆ. ಚಿಕ್ಕಮ್ಮನ ಟ್ರಂಕಿನಲ್ಲಿ ಹಳೆಯ ಪ್ರತಿ ಸಿಕ್ಕಿರುತ್ತದೆ, ಇಲ್ಲವೇ ಗೆಳತಿಯೊಬ್ಬಳು ಅರ್ಧ ಕಥೆ ಹೇಳಿ ಬಿಟ್ಟಿರುತ್ತಾಳೆ. ಆಗ ಬೀದರ್ ಜಿಲ್ಲೆಯ ಬೇಮಳಖೇಡದ ಕಡೆಯ ತಂದೆ ತಾಯಂದಿರು ನನಗೆ ಕೇಳುವುದು ಒಂದೇ ಮಾತು: "ಸರ, ನಮ್ಮ ಹುಡುಗಿ ತುಳಸಿದಳ ಓದ್ತೀನಿ ಅಂತಾಳ್ರೀ. ಕೊಡ್ಲೋ ಬ್ಯಾಡೋ?"

ಕೊಡಿ, ಆದರೆ ಅದನ್ನೇ ಮೊದಲು ಕೊಡಬೇಡಿ ಎನ್ನುವುದು ನನ್ನ ಉತ್ತರ. ಹಾಗೇಕೆ ಎನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬೆಂಗಳೂರಿನ ಪೋಷಕರಿಗೆ ಕೊಡುವ ಸಲಹೆಯನ್ನು ಹುಮನಾಬಾದ್, ಚಿಟಗುಪ್ಪ, ಬಸವಕಲ್ಯಾಣದ ಪೋಷಕರಿಗೆ ಹಾಗೆಯೇ ಕೊಡಲಾಗುವುದಿಲ್ಲ.

ಯಂಡಮೂರಿ ವೃತ್ತಿಯಿಂದ ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದವರು. ಲೆಕ್ಕ ಬಲ್ಲವರು ಕಥೆ ಕಟ್ಟಿದರೆ ಹೇಗಿರುತ್ತದೋ ಅವರ ಕಾದಂಬರಿಗಳು ಹಾಗಿವೆ. ಒಂದು ಅಧ್ಯಾಯದಲ್ಲಿ ಮಾಡಿದ ಸಾಲ ಮುಂದಿನದರಲ್ಲಿ ಬಡ್ಡಿ ಸಮೇತ ತೀರುತ್ತದೆ. 'ತುಳಸಿದಳಂ' 1980ರ ಆಸುಪಾಸಿನಲ್ಲಿ ತೆಲುಗಿನ 'ಆಂಧ್ರಭೂಮಿ' ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದರ ಮುಂದುವರಿಕೆಯೇ 'ತುಳಸಿ'. ಕನ್ನಡಕ್ಕೆ ಅವರನ್ನು ಮನೆಮನೆಗೆ ತಂದವರು ಅನುವಾದಕ ವಂಶಿ. 1985ರಲ್ಲಿ ವೇಮಗಲ್ ಜಗನ್ನಾಥರಾವ್ ನಿರ್ದೇಶನದಲ್ಲಿ 'ತುಳಸಿದಳ' ಕನ್ನಡ ಸಿನಿಮಾ ಕೂಡ ಆಯಿತು. ಇಂದಿನ ತಂದೆ ತಾಯಂದಿರಲ್ಲಿ ಹಲವರು ಇವನ್ನು ತಾವೇ ಕದ್ದು ಓದಿದವರು. ಅವರ ಮನೆಯ ಹಿರಿಯರು ಉರ್ದು ಕಲಿತ ಕಾಲದವರಾದರೆ ಇಬ್ನೆ ಸಫಿಯ 'ಜಾಸೂಸಿ ದುನಿಯಾ'ವನ್ನು ಶಾಲೆಯ ಪುಸ್ತಕದೊಳಗೆ ಇಟ್ಟುಕೊಂಡು ಓದಿರಬಹುದು. ಕದ್ದು ಓದುವ ಚಾಳಿಗೆ ನಮ್ಮ ಕಡೆ ಮೂರು ತಲೆಮಾರಿನ ಇತಿಹಾಸವಿದೆ, ಅದಕ್ಕಾಗಿ ಮಗುವನ್ನು ಬೈಯುವ ಹಕ್ಕು ಯಾರಿಗೂ ಇಲ್ಲ.

ಯಂಡಮೂರಿ ಎಂದರೆ ದೆವ್ವದ ಕಥೆ ಬರೆಯುವವರು ಎಂದೇ ಬಹಳಷ್ಟು ಜನ ತಿಳಿದಿದ್ದಾರೆ. ಪೋಷಕರು ಎಡವುವುದು ಇಲ್ಲಿಯೇ. ಯಂಡಮೂರಿಯವರ ಕಪಾಟಿನಲ್ಲಿ ಮಾಟದ ಕಾದಂಬರಿಗಳು ಒಂದು ಮೂಲೆಯಲ್ಲಿವೆ. ಉಳಿದ ಜಾಗದಲ್ಲಿ ಪ್ರೇಮಕಥೆ, ಕೋರ್ಟು ಕಚೇರಿ, ಅಪರಾಧ, ಗೂಢಚರ್ಯೆ ಇವೆ. ಕೊನೆಗೆ 'ವಿಜಯಾನಿಕಿ ಐದು ಮೆಟ್ಲು' ತರಹದ ವ್ಯಕ್ತಿತ್ವ ವಿಕಾಸದ ಪುಸ್ತಕಗಳೂ ಇವೆ. ಅದೇ ಲೇಖಕರ 'ಅಭಿಲಾಷ'ದಲ್ಲಿ ಮರಣದಂಡನೆಯನ್ನು ರದ್ದು ಮಾಡಿಸಬೇಕೆಂದು ಹೊರಟ ಯುವ ವಕೀಲನೊಬ್ಬ, ನಿರಪರಾಧಿಯೂ ನೇಣಿಗೆ ಏರಬಹುದು ಎಂದು ತೋರಿಸಲು ತನ್ನನ್ನೇ ಕೊಲೆ ಆರೋಪಕ್ಕೆ ಒಡ್ಡಿಕೊಳ್ಳುತ್ತಾನೆ. 1983ರಲ್ಲಿ ಚಿರಂಜೀವಿ ನಟಿಸಿದ ಸಿನಿಮಾ ಆಯಿತಲ್ಲ, ಅದೇ ಕಥೆ. ಹದಿನಾಲ್ಕರ ಹುಡುಗನ ಎದೆ ಡವಡವ ಅನ್ನಲು ಇಷ್ಟು ಸಾಕು, ಅದಕ್ಕೆ ನಿಂಬೆಹಣ್ಣು, ಕುಂಕುಮ ಬೇಕಾಗಿಲ್ಲ.

ಹಾಗಾದರೆ ತುಳಸಿದಳದ ವಿಷಯದಲ್ಲಿ ಇಷ್ಟು ಯೋಚನೆ ಏಕೆ? ಅದರ ಕಥೆಯ ನಡುವೆ ಇರುವುದು ತುಳಸಿ ಎಂಬ ಎಳೆಯ ಹುಡುಗಿ. ಅವಳ ಹೆಸರಿಗೆ ಬರಲಿರುವ ಹಣಕ್ಕಾಗಿ ದೊಡ್ಡವರು ಅವಳ ಮೇಲೆ ಮಾಟ ಮಾಡಿಸುತ್ತಾರೆ. ದಿನ ದಿನಕ್ಕೆ ಮಗು ನಲುಗುತ್ತದೆ. ಒಂದು ಕಡೆ ಡಾಕ್ಟರರು, ಇನ್ನೊಂದು ಕಡೆ ಮಂತ್ರ ಬಲ್ಲವರು. ಎರಡೂ ದಾರಿಗಳನ್ನು ಲೇಖಕರು ಕೊನೆಯವರೆಗೂ ಜೊತೆಜೊತೆಯಾಗಿ ನಡೆಸುತ್ತಾರೆ. ಪಳಗಿದ ಓದುಗನಿಗೆ ಇದು ರಸದ ಜಾಗ, ಯಾವುದನ್ನು ನಂಬಲಿ ಎಂಬ ತೂಗಾಟವೇ ಆ ಕಾದಂಬರಿಯ ಸೊಗಸು. ಹನ್ನೆರಡರ ಮಗು ಹಾಗೆ ತೂಗುವುದಿಲ್ಲ. ಯಾವ ದಾರಿ ಹೆಚ್ಚು ಹೆದರಿಸಿತೋ ಅದನ್ನು ನಿಜವೆಂದು ಹಿಡಿಯುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಮಗುವಿಗೆ ಮಾಟವೆಂದರೆ ಪುಸ್ತಕದ ಸಂಗತಿ. ಓದಿ ಮುಚ್ಚಿಟ್ಟರೆ ಮುಗಿಯಿತು. ನಮ್ಮ ಮಕ್ಕಳಿಗೆ ಅದು ಹಾಗಲ್ಲ. ಬೀದರ್, ಕಲಬುರಗಿ, ಗಡಿಯಾಚೆಯ ತೆಲಂಗಾಣದ ಹಳ್ಳಿಗಳು, ಆ ಕಡೆ ಮರಾಠವಾಡ, ಈ ಇಡೀ ಪಟ್ಟಿಯಲ್ಲಿ ಭಾನಾಮತಿ ಎಂಬ ಮಾತನ್ನು ಕೇಳದೆ ಬೆಳೆದ ಮಗುವಿಲ್ಲ. ಬಳ್ಳಿಯ ಮೇಲೆ ಒಣಗಲು ಹಾಕಿದ ಬಟ್ಟೆಗೆ ತಾನಾಗಿ ಬೆಂಕಿ ಹತ್ತಿತಂತೆ, ಮನೆಯ ಮಾಳಿಗೆ ಮೇಲೆ ರಾತ್ರಿ ಕಲ್ಲು ಬಿದ್ದವಂತೆ, ಸೊಸೆಯ ಮೈಮೇಲೆ ಗುರುತು ಮೂಡಿದವಂತೆ. ಇಂಥ ಮಾತು ಕಟ್ಟೆಯ ಮೇಲೆ ಆಡುತ್ತಾರೆ, ತೊಗರಿ ಕೊಯ್ಯುವಾಗ ಆಡುತ್ತಾರೆ. ಮತ್ತು ಪ್ರತಿ ಮಾತಿನ ಕೊನೆಗೆ ಒಂದು ಪ್ರಶ್ನೆ ಇರುತ್ತದೆ: ಯಾರು ಮಾಡಿಸ್ಯಾರ?

ನನ್ನ ಮಟ್ಟಿಗೆ ಈ ಕೊನೆಯ ಪ್ರಶ್ನೆಯೇ ಮುಖ್ಯ. ಮಗು ಹೆದರಿ ಎರಡು ರಾತ್ರಿ ಅಮ್ಮನ ಪಕ್ಕ ಮಲಗಿದರೆ ಏನೂ ಕೆಡುವುದಿಲ್ಲ. ಆದರೆ ಆ ಭಯಕ್ಕೆ ಓಣಿಯಲ್ಲಿ ಒಂದು ಮುಖ ಸಿಕ್ಕರೆ ಕೆಡುತ್ತದೆ. ಆ ಮುಖ ಸಾಧಾರಣವಾಗಿ ಯಾರದು? ಗಂಡನಿಲ್ಲದ ಮುದುಕಿ, ಊರ ಹೊರಗೆ ಒಬ್ಬಳೇ ಇರುವವಳು, ಕೀಳೆಂದು ಎಣಿಸಿದ ಜಾತಿಯ ಬಡವ. ಈ ತರಹದ ಕಾದಂಬರಿಗಳಲ್ಲಿಯೂ ಮಾಟಗಾರ ಬಹುಮಟ್ಟಿಗೆ ಕಾಡಿನವನು, ಕಪ್ಪು ಮೈಯವನು, ನಮ್ಮವನಲ್ಲದವನು. ಕಾದಂಬರಿ ಬರೆದವರು ಪಕ್ಕದ ಮನೆಯ ಮುದುಕಿಯ ಕಡೆ ಬೆರಳು ತೋರಿಸಿಲ್ಲ, ನಿಜ. ಆದರೆ ಓದುವ ಮಗುವಿನ ಊರು ಅದಾಗಲೇ ತೋರಿಸಿಬಿಟ್ಟಿರುತ್ತದೆ. ತೆಲುಗಿನಲ್ಲಿ ಈ ಕಾದಂಬರಿಗೆ ಬಂದ ಆಕ್ಷೇಪವೂ ಸಣ್ಣದಲ್ಲ, ಲೇಖಕಿ ರಂಗನಾಯಕಮ್ಮ ಇದರ ವಿರುದ್ಧ ಒಂದು ಪುಸ್ತಕವನ್ನೇ ಬರೆದರು. ಅವರಷ್ಟು ಖಾರವಾಗಿ ನಾನು ಹೇಳಲಾರೆ. ಒಳ್ಳೆಯ ರೋಚಕ ಕಾದಂಬರಿ ಅದು, ಸರಿಯಾದ ಕಾಲಕ್ಕೆ ಕೈಗೆ ಬರಬೇಕು ಅಷ್ಟೇ.

ಪುಸ್ತಕದ ಹಿಂಬದಿಯಲ್ಲಿ ವಯಸ್ಸು ಬರೆದಿರುವುದಿಲ್ಲ, ಬರೆದಿದ್ದರೂ ಅದನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. ಈ ಪುಸ್ತಕದ ಭಯ ನಮ್ಮ ಮನೆಯಿಂದ ಎಷ್ಟು ದೂರ ಇದೆ ಎನ್ನುವುದು ನನ್ನ ಅಳತೆ. ಮೊದಲು ದೂರದ ಭಯ ಕೊಡಿ, ಆಮೇಲೆ ಹತ್ತಿರದ್ದು.

ಎಂಟು ಒಂಬತ್ತು ವರ್ಷದ ಮಗುವಿಗೆ 'ಚಂದಮಾಮ'ದ ಬೇತಾಳ ಸಾಕು. ಹಳೆಯ ಸಂಚಿಕೆಗಳು ಇನ್ನೂ ಅಲ್ಲಲ್ಲಿ ಸಿಗುತ್ತವೆ. ಸ್ಮಶಾನ, ಮರ, ಹೆಣ ಎಲ್ಲವೂ ಅದರಲ್ಲಿ ಇವೆ, ಆದರೆ ಕಥೆ ಮುಗಿದ ಕೂಡಲೇ ಬೇತಾಳ ಒಂದು ಪ್ರಶ್ನೆ ಕೇಳುತ್ತದೆ. ಹೆದರಿದ ಮಗು ಉತ್ತರ ಹುಡುಕತೊಡಗುತ್ತದೆ. ಹೆದರಿಕೆ ಅಲ್ಲೇ ಕರಗುತ್ತದೆ.

ಹನ್ನೊಂದು ದಾಟಿದವರಿಗೆ ನಾನು ಮೊದಲು ಹೇಳುವ ಪುಸ್ತಕ 'ರುದ್ರಪ್ರಯಾಗದ ಭಯಾನಕ ನರಭಕ್ಷಕ'. ಜಿಮ್ ಕಾರ್ಬೆಟ್ ಬರೆದದ್ದು, ಕನ್ನಡಕ್ಕೆ ತಂದವರು ಪೂರ್ಣಚಂದ್ರ ತೇಜಸ್ವಿ. ಹೆದರಿಕೆ ಬೇಕು ಎಂದು ಹಟ ಹಿಡಿದ ಮಗುವಿಗೆ ಇದಕ್ಕಿಂತ ದೊಡ್ಡ ಹೆದರಿಕೆ ನನಗೆ ಗೊತ್ತಿಲ್ಲ. 1918ರಿಂದ 1926ರವರೆಗೆ ಗಢವಾಲದಲ್ಲಿ ಒಂದು ಚಿರತೆ, ಸರ್ಕಾರಿ ಲೆಕ್ಕದಲ್ಲೇ 125 ಜನರನ್ನು ಕೊಂದಿತು. ಕತ್ತಲಾದರೆ ಬಾಗಿಲು ತೆರೆಯುವವರಿಲ್ಲ. ಚಿಲಕ ಹಾಕಿದ ಮನೆಯೊಳಗಿನಿಂದಲೂ ಮನುಷ್ಯರನ್ನು ಸದ್ದಿಲ್ಲದೆ ಎಳೆದುಕೊಂಡು ಹೋಗುತ್ತದೆ. ಜನಕ್ಕೆ ಇದು ಪ್ರಾಣಿಯಲ್ಲ, ಪಿಶಾಚಿ ಎನ್ನುವುದು ಖಚಿತವಾಗಿಬಿಡುತ್ತದೆ.

ಅಲ್ಲೊಂದು ಪ್ರಸಂಗವಿದೆ. ಹಗಲು ಮನುಷ್ಯನಾಗಿದ್ದು ರಾತ್ರಿ ಚಿರತೆಯಾಗುತ್ತಾನೆ ಎಂದು ಒಬ್ಬ ಸಾಧುವಿನ ಮೇಲೆ ಜನರಿಗೆ ಗುಮಾನಿ ಬರುತ್ತದೆ. ಗುಂಪು ಕೂಡಿ ಅವನನ್ನು ಹಿಡಿಯುತ್ತಾರೆ, ಕೊಂದೇಬಿಡುವ ಹೊತ್ತಿಗೆ ಒಬ್ಬ ಅಧಿಕಾರಿ ಬಂದು ತಡೆಯುತ್ತಾನೆ. ಸಾಧುವನ್ನು ಕಾವಲಿನಲ್ಲಿ ಇರಿಸೋಣ, ಆಗ ಸಾವುಗಳು ನಿಲ್ಲುತ್ತವೆಯೋ ನೋಡೋಣ ಎನ್ನುತ್ತಾನೆ. ನಿಲ್ಲುವುದಿಲ್ಲ, ಸಾಧು ಬದುಕಿಕೊಳ್ಳುತ್ತಾನೆ. ಮುಂದೆ ಕಾರ್ಬೆಟ್ ಹೊಡೆದುರುಳಿಸಿದಾಗ ನೆಲದ ಮೇಲೆ ಬಿದ್ದಿರುವುದು ಹಲ್ಲು ಸವೆದ ಒಂದು ಮುದಿ ಗಂಡು ಚಿರತೆ. ಈ ಪ್ರಸಂಗ ಓದಿದ ಮಗುವಿಗೆ ನೀವು ಭಾನಾಮತಿಯ ಬಗ್ಗೆ ಭಾಷಣ ಮಾಡಬೇಕಾಗಿಲ್ಲ. ಓಣಿಯಲ್ಲಿ ಯಾರದೋ ಹೆಸರು ಕೇಳಿಬಂದಾಗ ಆ ಸಾಧು ಅದರ ನೆನಪಿಗೆ ತಾನಾಗಿ ಬರುತ್ತಾನೆ. ಗುಮಾನಿಯನ್ನು ಪರೀಕ್ಷೆ ಮಾಡಬಹುದು ಎಂಬುದನ್ನು ಮಗು ಕಥೆಯಲ್ಲಿ ಕಣ್ಣಾರೆ ಕಂಡಿರುತ್ತದೆ. ಇದು ಹಿಡಿಸಿದರೆ ಕೆನೆತ್ ಆಂಡರ್ಸನ್ನರ ಶಿಕಾರಿ ಕಥೆಗಳನ್ನು ತೇಜಸ್ವಿಯವರೇ ನಾಲ್ಕು ಭಾಗಗಳಲ್ಲಿ 'ಕಾಡಿನ ಕಥೆಗಳು' ಎಂದು ತಂದಿದ್ದಾರೆ, ಅವು ಒಂದು ಬೇಸಿಗೆ ರಜೆಗೆ ಸಾಕು.

ಇಷ್ಟಾದ ಮೇಲೆ ಯಂಡಮೂರಿ. ಹದಿಮೂರು ಹದಿನಾಲ್ಕರಲ್ಲಿ 'ಬೆಳದಿಂಗಳ ಬಾಲೆ' ಕೈಗಿಡಿ. ಫೋನಿನಲ್ಲಿ ಮಾತ್ರ ಮಾತಾಡುವ ಒಬ್ಬ ಹುಡುಗಿ, ಅವಳನ್ನು ಹುಡುಕಲು ಹೊರಟ ಚದುರಂಗದ ಆಟಗಾರ, ದಾರಿಯುದ್ದಕ್ಕೂ ಒಗಟುಗಳು. 1995ರಲ್ಲಿ ಸುನಿಲ್ ಕುಮಾರ್ ದೇಸಾಯಿ ಅನಂತನಾಗ್ ಅವರನ್ನು ಹಾಕಿಕೊಂಡು ಮಾಡಿದ ಇದರ ಸಿನಿಮಾವನ್ನು ಬಹಳ ಮನೆಗಳಲ್ಲಿ ನೋಡಿದ್ದಾರೆ. ಕೊನೆ ಕಣ್ಣೀರು ತರಿಸುತ್ತದೆ, ಹೆದರಿಸುವುದಿಲ್ಲ. ಮುಂದೇನು ಎಂಬ ಕುತೂಹಲದಲ್ಲಿ ಪುಟ ತಿರುವಿಸುವ ಯಂಡಮೂರಿಯ ಕೈಚಳಕ ಏನು ಎಂಬುದು ಮಗುವಿಗೆ ಇಲ್ಲಿಯೇ ತಿಳಿಯುತ್ತದೆ. ಮಾಟದ ಕಾದಂಬರಿಯಲ್ಲಿ ಅದೇ ಕೈಚಳಕ ಎದುರಾದಾಗ 'ಓಹೋ, ಇಲ್ಲಿ ನನ್ನನ್ನು ಹೆದರಿಸಲು ನೋಡುತ್ತಿದ್ದಾರೆ' ಎಂದು ಗುರುತಿಸುವ ಬುದ್ಧಿ ಬರುತ್ತದೆ. ಅದು ಬಂದ ಮೇಲೆ ತುಳಸಿದಳ ಅಷ್ಟು ಕಚ್ಚುವುದಿಲ್ಲ. 'ಅಭಿಲಾಷ'ವನ್ನೂ ಇದೇ ಹೊತ್ತಿಗೆ ಕೊಡಬಹುದು. ಉಳಿದ ಅಪರಾಧ ಕಾದಂಬರಿಗಳನ್ನು ಮಾತ್ರ ನೀವು ಒಮ್ಮೆ ಕಣ್ಣಾಡಿಸಿಯೇ ಕೊಡಿ. ಅವು ದೊಡ್ಡವರಿಗೆಂದು ಬರೆದವು, ಗಂಡು ಹೆಣ್ಣಿನ ಪ್ರಸಂಗಗಳನ್ನು ಬಿಚ್ಚಿ ಬರೆದದ್ದೂ ಇದೆ.

ತುಳಸಿದಳಕ್ಕೆ ಹತ್ತನೆಯ ಕ್ಲಾಸು ಮುಗಿದ ನಂತರದ ರಜೆ ಸರಿಯಾದ ಕಾಲ. ಪರೀಕ್ಷೆಯ ಮುಂಚಿನ ತಿಂಗಳು ಬೇಡವೇ ಬೇಡ. ತುಳಸಿದಳ ಮೊದಲು, 'ತುಳಸಿ' ಆಮೇಲೆ. ಹೆಸರು ಒಂದೇ ತರಹ ಇರುವುದರಿಂದ ಹಳೆಯ ಪುಸ್ತಕದ ಅಂಗಡಿಯಲ್ಲಿ ಎರಡನೆಯದನ್ನೇ ಮೊದಲು ತಂದುಕೊಳ್ಳುವವರಿದ್ದಾರೆ.

ಓದುವ ಕ್ರಮದ ಬಗ್ಗೆ ಒಂದು ಮಾತು, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಇದು ಧಾರಾವಾಹಿಯಾಗಿ ಹುಟ್ಟಿದ ಕಾದಂಬರಿ. ಪ್ರತಿ ಕಂತಿನ ಕೊನೆಗೆ ಓದುಗನನ್ನು ಅಂಚಿನಲ್ಲಿ ನಿಲ್ಲಿಸಿ ಹೋಗುವುದು ಆ ಬರವಣಿಗೆಯ ಕಸುಬು. ಆಗಿನ ಓದುಗರು ಆ ಅಂಚಿನಿಂದ ಒಂದು ವಾರ ಕೆಳಗಿಳಿದು ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು, ಅಕ್ಕಪಕ್ಕದವರೊಡನೆ ಚರ್ಚೆ ಮಾಡುತ್ತಿದ್ದರು, ನಗುತ್ತಿದ್ದರು. ಅಷ್ಟರಲ್ಲಿ ಹೆದರಿಕೆ ಅರ್ಧ ಇಳಿದಿರುತ್ತಿತ್ತು. ಇಂದಿನ ಮಗು ಅಷ್ಟೂ ಕಂತುಗಳನ್ನು ಒಂದೇ ರಾತ್ರಿ ನುಂಗುತ್ತದೆ. ಹಾಗಾಗಿ ಹಳೆಯ ವಾರಪತ್ರಿಕೆಯ ನಿಯಮವನ್ನು ಸ್ವಲ್ಪ ಮರಳಿ ತನ್ನಿ. ದಿನಕ್ಕೆ ಎರಡು ಮೂರು ಅಧ್ಯಾಯ, ಅದೂ ಹಗಲು ಹೊತ್ತಿನಲ್ಲಿ, ಪಡಸಾಲೆಯಲ್ಲಿ. ಊಟದ ಹೊತ್ತಿಗೆ 'ಇವತ್ತು ಎಲ್ಲಿಗೆ ಬಂತು ಕಥಿ?' ಎಂದು ಕೇಳಿ. ಕನ್ನಡ ಓದಲು ಬಾರದ ತಾಯಂದಿರು ಮಗುವಿಗೇ ಜೋರಾಗಿ ಓದಲು ಹೇಳಿದರೆ ಇನ್ನೂ ಒಳ್ಳೆಯದು. ಹೆದರಿಸುವ ಸಾಲನ್ನು ತನ್ನದೇ ದನಿಯಲ್ಲಿ, ಅಡುಗೆಮನೆಯ ಬಾಗಿಲಲ್ಲಿ ಕುಳಿತು ಓದುವ ಮಗು ಅರ್ಧ ದಾರಿಯಲ್ಲೇ ನಕ್ಕುಬಿಡುತ್ತದೆ.

ಪುಸ್ತಕ ಬೇಡ ಎಂದು ಕಿತ್ತುಕೊಂಡು ಮೊಬೈಲ್ ಕೈಗೆ ಕೊಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಯೂಟ್ಯೂಬಿನಲ್ಲಿ 'ನಿಜವಾಗಿ ನಡೆದದ್ದು' ಎಂದು ಹಾಕುವ ದೆವ್ವದ ವಿಡಿಯೊಗಳು ಕಾದಂಬರಿಗಿಂತ ಎಷ್ಟೋ ಪಾಲು ಕೆಟ್ಟವು. ಪುಸ್ತಕದ ವೇಗ ಓದುವವನ ಕೈಯಲ್ಲಿದೆ, ಬೇಡವೆನಿಸಿದಾಗ ಬೆರಳಿಟ್ಟು ಮುಚ್ಚಬಹುದು, ಚಿತ್ರ ಎಷ್ಟು ಭಯಂಕರ ಇರಬೇಕೆಂದು ಮನಸ್ಸೇ ತೀರ್ಮಾನಿಸುತ್ತದೆ. ವಿಡಿಯೊದಲ್ಲಿ ಆ ಮೂರೂ ಇಲ್ಲ. ಜೊತೆಗೆ ಕಾದಂಬರಿ ತಾನು ಕಾದಂಬರಿ ಎಂದು ಹೇಳಿಕೊಳ್ಳುತ್ತದೆ.

ಇಂಗ್ಲಿಷ್ ಮಾಧ್ಯಮದ ಮಕ್ಕಳು ಸ್ಟೀಫನ್ ಕಿಂಗ್ ಕೇಳುತ್ತಾರೆ. 1974ರ 'ಕ್ಯಾರಿ'ಯಿಂದ ಶುರುವಾಗಿ ಅವರ ಕಾದಂಬರಿಗಳು ಅರವತ್ತು ದಾಟಿವೆ. ಸಿನಿಮಾ ನೋಡಿದ್ದೇವೆಂದು ಸಾವಿರ ಪುಟ ಮೀರಿದ 'ಇಟ್' ತಂದುಕೊಡುವವರಿದ್ದಾರೆ. ಅದರಲ್ಲಿ ಪಾತ್ರಗಳು ಮಕ್ಕಳಾದರೂ ಅದು ಮಕ್ಕಳ ಪುಸ್ತಕವಲ್ಲ. ಕಿಂಗ್ ತಮ್ಮ ಮಗಳಿಗಾಗಿ ಬರೆದ 'ದಿ ಐಸ್ ಆಫ್ ದ ಡ್ರ್ಯಾಗನ್' ಇದೆ, ಅಥವಾ ಕಾಡಿನಲ್ಲಿ ದಾರಿ ತಪ್ಪಿದ ಒಂಬತ್ತು ವರ್ಷದ ಹುಡುಗಿಯ ಕಥೆ 'ದಿ ಗರ್ಲ್ ಹೂ ಲವ್ಡ್ ಟಾಮ್ ಗಾರ್ಡನ್' ಇದೆ, 1999ರದ್ದು. ಅಲ್ಲಿಂದ ಶುರು ಮಾಡಲಿ. ಇನ್ನೂ ಚಿಕ್ಕವರಿಗೆ ಆರ್. ಎಲ್. ಸ್ಟೈನ್ ಅವರ 'ಗೂಸ್‌ಬಂಪ್ಸ್' ಸಾಕು.

ಪುಸ್ತಕ ಎಲ್ಲಿ ಸಿಗುತ್ತದೆ? ಮೊದಲು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಕೇಳಿ, ಈಗ ಅದಕ್ಕೆ ಅರಿವು ಕೇಂದ್ರ ಎನ್ನುತ್ತಾರೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಹೈದರಾಬಾದಿಗೆ ಮದುವೆ ಮುಂಜಿಗೆ ಹೋಗುವವರು ಭಾನುವಾರ ಸಿಕ್ಕರೆ ಆಬಿಡ್ಸ್‌ನ ಹಳೆ ಪುಸ್ತಕಗಳ ಸಾಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಇಂಗ್ಲಿಷ್ ಪುಸ್ತಕಗಳು ಅಲ್ಲಿ ಅಗ್ಗಕ್ಕೆ ಸಿಗುತ್ತವೆ. ತೆಲುಗು ಓದಬಲ್ಲ ಅಜ್ಜಿ ಮನೆಯಲ್ಲಿದ್ದರೆ ಯಂಡಮೂರಿಯನ್ನು ಮೂಲದಲ್ಲೇ ಕೇಳಿಸಿಕೊಳ್ಳುವ ಭಾಗ್ಯ ನಿಮ್ಮ ಮಗುವಿನದು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಕೆಲವು ಮಕ್ಕಳು ಹೆದರುತ್ತಾರೆ. ನಸುಕಿನ ಹೊತ್ತಿಗೆ ಎಚ್ಚರಾಗಿ, ಕಂಡ ಕನಸನ್ನು ಹೇಳಿಕೊಂಡು ಅತ್ತರೆ ಅದು ಸಾಧಾರಣ ಕೆಟ್ಟ ಕನಸು. ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಿ, ನೀರು ಕುಡಿಸಿ ಮಲಗಿಸಿ. ಮಲಗಿದ ಒಂದೆರಡು ತಾಸಿಗೇ ಕಿರುಚಿ ಎದ್ದು, ನಿಮ್ಮನ್ನು ಗುರುತಿಸದೆ, ಬೆಳಿಗ್ಗೆ ಏನೂ ನೆನಪಿಲ್ಲ ಎಂದರೆ ಅದು ಬೇರೆ ತರಹದ ನಿದ್ರೆಯ ತೊಂದರೆ. ಚಿಕ್ಕ ಮಕ್ಕಳಲ್ಲಿ ಅಪರೂಪವಲ್ಲ, ಬೆಳೆಯುತ್ತಾ ಹೆಚ್ಚಾಗಿ ತಾನಾಗಿ ಹೋಗುತ್ತದೆ. ಆಗ ಅಲುಗಾಡಿಸಿ ಎಬ್ಬಿಸಬೇಡಿ, ಬೀಳದಂತೆ ನೋಡಿಕೊಳ್ಳಿ. ಪದೇ ಪದೇ ಆದರೆ, ಅಥವಾ ಮಗು ಊಟ, ಶಾಲೆ ಬಿಟ್ಟು ಕುಳಿತರೆ, ಡಾಕ್ಟರ ಹತ್ತಿರ ಕರೆದೊಯ್ಯಿರಿ. ಈ ಹೊತ್ತಿನಲ್ಲಿ ಮನೆಯ ಹಿರಿಯರು ಯಾರಾದರೂ "ಗಾಳಿ ಸೋಕ್ಯದ, ತೋರಿಸ್ಕೊಂಡು ಬರೋಣ" ಎಂದರೆ ಜಗಳ ಬೇಡ. ದೇವರ ಮನೆಯ ವಿಭೂತಿ ಹಚ್ಚಲಿ, ಅದರಿಂದ ನಷ್ಟವಿಲ್ಲ, ಅಜ್ಜಿಯ ಕೈ ತಾಗಿದರೆ ಮಗುವಿಗೆ ಸಮಾಧಾನವೇ. ಆದರೆ ದೆವ್ವ ಬಿಡಿಸುತ್ತೇವೆಂದು ಹೊಡೆಯುವವರ, ಹೊಗೆ ಹಾಕುವವರ ಬಾಗಿಲಿಗೆ ಮಗುವನ್ನು ಒಯ್ಯುವುದು ಯಾವ ಕಾರಣಕ್ಕೂ ಕೂಡದು. 2020ರ ಜನವರಿಯಿಂದ ಜಾರಿಯಲ್ಲಿರುವ ರಾಜ್ಯದ ಕಾಯ್ದೆಯಲ್ಲಿ ಅದು ಅಪರಾಧ ಕೂಡ.

ದೊಡ್ಡ ಮಕ್ಕಳು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ: ಹಾಗಾದರೆ ಬಟ್ಟೆಗೆ ಬೆಂಕಿ ಹತ್ತುವುದು ಸುಳ್ಳೇ? ಬೆಂಕಿ ಸುಳ್ಳಲ್ಲ ಎಂದು ಹೇಳಿ. ಪಕ್ಕದ ಮಹಾರಾಷ್ಟ್ರದಲ್ಲಿ ಮೂಢನಂಬಿಕೆಯ ವಿರುದ್ಧ ದುಡಿದ ನರೇಂದ್ರ ದಾಭೋಲ್ಕರ್ ಮತ್ತು ಅವರ ಸಂಗಡಿಗರು ಇಂಥ ಭಾನಾಮತಿಯ ಮನೆಗಳಿಗೆ ಹೋಗಿ ಕುಳಿತು, ಮನೆಯವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿ, ಬೆಂಕಿಯ ಹಿಂದೆ ಮನುಷ್ಯನ ಕೈಯನ್ನು ಕಂಡುಹಿಡಿಯುತ್ತಿದ್ದರು. ಬಹಳ ಸಲ ಆ ಕೈ ಮನೆಯೊಳಗಿನದ್ದೇ ಆಗಿರುತ್ತಿತ್ತು, ಹೇಳಿಕೊಳ್ಳಲು ಬೇರೆ ದಾರಿ ಇಲ್ಲದ ಯಾರದೋ ಸಂಕಟದ್ದು. ಇದು ಯಾವ ಕಾದಂಬರಿಗೂ ಕಡಿಮೆಯಿಲ್ಲದ ಪತ್ತೇದಾರಿ ಎಂದು ನನ್ನ ಅನಿಸಿಕೆ. ಹದಿನೈದರ ಮಕ್ಕಳು ಇದನ್ನು ಬಾಯಿ ತೆರೆದು ಕೇಳುತ್ತಾರೆ.

ತುಳಸಿದಳದ ಕೊನೆಯ ಪುಟ ಮುಗಿಸಿ ಬಂದ ದಿನ ಮಗುವಿಗೆ ಒಂದೇ ಒಂದು ಪ್ರಶ್ನೆ ಕೇಳಿ: "ತುಳಸಿಗಿ ಏನಾಗಿತ್ತು ಅಂತ ನಿನಗ ಅನಸ್ತದ?" ರೋಗ ಎಂದರೂ ಸರಿ, ಮಾಟ ಎಂದರೂ ಸರಿ, ಕೂಡಲೇ ತಿದ್ದಲು ಹೋಗಬೇಡಿ. ಪುಸ್ತಕದ ಯಾವ ಭಾಗ ನೋಡಿ ಹಾಗೆ ಹೇಳುತ್ತೀ ಎಂದು ಕೇಳಿ, ಪುಟ ತೆಗೆದು ತೋರಿಸಲಿ. ಎರಡು ದಿನ ವಾದ ನಡೆದರೂ ನಡೆಯಲಿ. ಆದರೆ ಮಾತಿನ ನಡುವೆ ಮಗು ನಿಮ್ಮ ಓಣಿಯ ಯಾರದಾದರೂ ಹೆಸರು ತೆಗೆದರೆ, 'ಆ ಆಯಿನೂ ಹಾಂಗೇ ಮಾಡ್ತಾಳಂತ' ಎಂದರೆ, 'ತುಳಸಿ' ಎಂಬ ಎರಡನೆಯ ಪುಸ್ತಕವನ್ನು ಸದ್ಯಕ್ಕೆ ಮೇಲಿನ ಗೂಡಿನಲ್ಲಿ ಇಡಿ. ಈ ಮಾತು ಯಾರ ಬಾಯಿಂದ ಕೇಳಿದಿ ಎಂದು ವಿಚಾರಿಸಿ. ನಾಳೆ ಆ ಆಯಿಯ ಮನೆಗೆ ಮಗುವಿನ ಕೈಯಲ್ಲೇ ಒಂದು ಬಟ್ಟಲು ಪಲ್ಯ ಕಳಿಸಿ. ಹೋಗಿ ಬಂದ ಮೇಲೆ ಆಯಿ ಏನಂದಳು ಎಂದು ಕೇಳಿ.